ಭಟ್ಟಿ ಆರಿದರೂ ಆರದ ಮೈಬಿಸಿ

ಬೆನ್ನುನೋವು ಯಾರಿಗಿಲ್ಲ ಹೇಳಿ? ಬೇಕರಿ ಕೆಲಸದವರ ಮನೆಗೆ ಬಂದು ಈ ಮಾತು ಕೇಳಿದರಂತೂ ನಕ್ಕುಬಿಡುತ್ತಾರೆ. ಹಿಟ್ಟಿನ ಮೂಟೆ ಎತ್ತುವವರಿಗೆ ಸೊಂಟ, ಹಿಟ್ಟು ನಾದುವವರಿಗೆ ಭುಜ, ಭಟ್ಟಿಯ ಮುಂದೆ ನಿಲ್ಲುವವರಿಗೆ ಮಂಡಿ. ಒಬ್ಬೊಬ್ಬರಿಗೂ ಒಂದೊಂದು ನೋವು ಪಾಲಿಗೆ ಬಂದಿರುತ್ತದೆ. ಅದಕ್ಕೇ ನಮ್ಮವರು ಮೊದಲ ದಿನ ಬೆನ್ನು ಹಿಡಿದುಕೊಂಡಿದೆ ಅಂದಾಗ ನಾನು ತಲೆಯೆತ್ತಿ ಕೂಡ ನೋಡಲಿಲ್ಲ. ಈಗ ನಿಮ್ಮ ಮುಂದೆ ಕೂತು ಬುದ್ಧಿ ಹೇಳಲು ಹೊರಟಿರುವವಳು ಅಂಥ ಜಾಣೆ!

ನಮ್ಮವರನ್ನು ಬೇಕರಿಯಲ್ಲಿ ಎಲ್ಲರೂ ಹದದಣ್ಣ ಅಂತ ಕರೆಯುತ್ತಾರೆ. ಮೂವತ್ತು ವರ್ಷದಿಂದ ಅವರದು ಕೇಕಿನ ಹಿಟ್ಟು ಕಲಸುವ ಕೆಲಸ. ಮೊಟ್ಟೆ ಒಡೆದು, ಬೆಣ್ಣೆ ಸಕ್ಕರೆ ಸೇರಿಸಿ, ಯಂತ್ರ ತಿರುಗಿಸಿದ ಮೇಲೆ ತೋರುಬೆರಳನ್ನು ಪಾತ್ರೆಗೆ ಅದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಾರೆ. ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ "ಇನ್ನೆರಡು ಸುತ್ತು" ಅನ್ನಬೇಕು, ಇಲ್ಲವೇ "ಸಾಕು, ಸುರೀರಿ" ಅನ್ನಬೇಕು. ಅಲ್ಲಿಯವರೆಗೆ ಹಿಟ್ಟು ಭಟ್ಟಿಯ ಮುಖ ಕಾಣುವಂತಿಲ್ಲ. ಮಾಲೀಕರೂ ಕೈಕಟ್ಟಿ ಕಾಯುತ್ತಾರೆ. ಹೀಗೆ ದಿನಕ್ಕೆ ಇಪ್ಪತ್ತು ಸಲವಾದರೂ ಹಸಿ ಮೊಟ್ಟೆಯ ಹಿಟ್ಟು ಇವರ ಹೊಟ್ಟೆ ಸೇರುತ್ತಿತ್ತು. ಅದರಲ್ಲೊಂದು ತಪ್ಪಿದೆ ಅಂತ ಯಾರಿಗೂ ಹೊಳೆದಿರಲಿಲ್ಲ. ನನಗಂತೂ ಗಂಡನ ಬೆರಳಿನ ಬಗ್ಗೆ ಹೆಮ್ಮೆಯೇ ಇತ್ತು.

ಇವರಿಗೆ ಅರವತ್ತೆರಡು ವರ್ಷ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಯಿತು. ಸಿಗರೇಟು ಬಿಟ್ಟಿದ್ದೇನೆ ಅಂತ ನನ್ನ ಹತ್ತಿರ ಹೇಳುತ್ತಾರೆ. ಒಗೆಯಲು ಹಾಕಿದ ಅಂಗಿ ಬೇರೆ ಏನೋ ಹೇಳುತ್ತದೆ.

ಒಂದು ವಾರ ಬೇಕರಿಯಲ್ಲಿ ನಾಲ್ಕು ಜನಕ್ಕೆ ಒಟ್ಟಿಗೆ ಹೊಟ್ಟೆ ಕೆಟ್ಟಿತು. ಇವರೂ ಅದರಲ್ಲೊಬ್ಬರು. ಭೇದಿ, ಚಳಿ, ಜ್ವರ. ಔಷಧಿ ಅಂಗಡಿಯಲ್ಲಿ ಹೇಳಿ ಐದು ದಿನದ ಮಾತ್ರೆ ತಂದೆ. ಎರಡೇ ದಿನಕ್ಕೆ ಎಲ್ಲ ನಿಂತಿತು. ಉಳಿದ ಮಾತ್ರೆ ಸುಮ್ಮನೆ ಯಾಕೆ ನುಂಗಬೇಕು ಅಂದರು ಇವರು. ನನಗೂ ಸರಿಯೆನಿಸಿತು. ಮಾತ್ರೆಯ ಪಟ್ಟಿಯನ್ನು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ವಿಷಯ ಅಲ್ಲಿಗೆ ಮರೆತೂ ಹೋಯಿತು.

ಮೂರು ವಾರ ಕಳೆದ ಮೇಲೆ ಶುರುವಾದದ್ದು ಈ ಬೆನ್ನುನೋವು. ಸೊಂಟದ ಮೇಲೆ, ಎಡಕ್ಕೆ. ಒಮ್ಮೊಮ್ಮೆ ಹೊಟ್ಟೆಗೂ ಹರಿಯುತ್ತದೆ ಅನ್ನುತ್ತಿದ್ದರು. ಮೂಟೆ ಎತ್ತಿದ್ದಕ್ಕೆ ಅಂತ ನಾನು. ಬಗ್ಗಿ ಬಗ್ಗಿ ಕಲಸಿದ್ದಕ್ಕೆ ಅಂತ ಮಾಲೀಕರು. ವಯಸ್ಸಿಗೆ ಅಂತ ಎದುರುಮನೆಯವರು. ಬೀದಿ ಕೊನೆಯ ಡಾಕ್ಟರು ಸ್ನಾಯು ಸೆಳೆತ ಅಂತ ಒಂದು ಸೂಜಿ ಚುಚ್ಚಿ, ನೋವಿನ ಮಾತ್ರೆಯನ್ನೂ ಕೊಟ್ಟರು. ಎರಡು ದಿನ ಹಗುರಾಯಿತು, ಮೂರನೆಯ ದಿನ ಮತ್ತೆ ಅದೇ ರಾಗ. ಇನ್ನೊಬ್ಬ ಡಾಕ್ಟರು ಮೂತ್ರದಲ್ಲಿ ಸೋಂಕಿರಬಹುದು ಅಂತ ಏಳು ದಿನಕ್ಕೆ ಮಾತ್ರೆ ಬರೆದರು. ಮೂರು ದಿನ ನುಂಗಿದ ಮೇಲೆ ಹಾಯೆನಿಸಿತು. ಉಳಿದದ್ದು ಎಲ್ಲಿಗೆ ಹೋಯಿತು ಅಂತ ನಾನು ಹೇಳಬೇಕಾಗಿಲ್ಲ. ಡಬ್ಬಿ ತುಂಬುತ್ತಿತ್ತು, ನೋವು ಹೋಗಿ ಬಂದು ಮಾಡುತ್ತಿತ್ತು, ಒಬ್ಬರು ಸ್ನಾಯು ಅಂದರೆ ಇನ್ನೊಬ್ಬರು ಮೂತ್ರ ಅನ್ನುತ್ತಿದ್ದರು. ನನಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ.

ಜ್ವರ ಇರಲಿಲ್ಲವೇ ಅಂತ ನೀವು ಕೇಳುತ್ತೀರಿ. ಇತ್ತು. ದಿನಾ ಸಂಜೆ ಇತ್ತು. ಆದರೆ ಅದು ಜ್ವರ ಅಂತ ಗೊತ್ತಾಗಲಿಲ್ಲ.

ಭಟ್ಟಿಯ ಹತ್ತಿರ ಹತ್ತು ಗಂಟೆ ನಿಂತು ಬಂದವರ ಮೈ ಹೇಗಿರುತ್ತದೆ? ಮದುವೆಯಾದ ಹೊಸದರಲ್ಲಿ ಇವರ ಕೈ ಮುಟ್ಟಿ ಗಾಬರಿಯಾಗಿ ಜ್ವರ ಅಂತ ಕೂಗಿದ್ದೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಆವತ್ತಿನಿಂದ ಇವರ ಮೈ ಬಿಸಿಯಿದ್ದರೆ ನಾನು ತಲೆ ಕೆಡಿಸಿಕೊಂಡವಳಲ್ಲ. ಭಟ್ಟಿಯ ಕಾವು ಅಂದುಕೊಂಡು ಚಹಾ ಕೊಟ್ಟು ನನ್ನ ಪಾಡಿಗೆ ನಾನಿರುತ್ತಿದ್ದೆ. ಬೇಕರಿಯವರ ಮನೆಯಲ್ಲಿ ಬಿಸಿ ಮೈ ಅಂದರೆ ದುಡಿದು ಬಂದ ಮೈ.

ಹೀಗಿರುವಾಗ ಭಟ್ಟಿಯ ಒಳಗಿನ ಇಟ್ಟಿಗೆ ಕುಸಿಯಿತು. ಗಾರೆಯವರು ಬಂದು ಹೊಸದಾಗಿ ಕಟ್ಟಬೇಕು, ಮೂರು ದಿನ ಬೇಕರಿಗೆ ರಜೆ ಅಂದರು ಮಾಲೀಕರು. ಇವರು ಮಂಚ ಹಿಡಿದರು. ಎರಡನೆಯ ದಿನ ಮಧ್ಯಾಹ್ನ ಚಹಾ ಕೊಡಲು ಹೋದಾಗ ಬೆರಳಿಗೆ ಬೆರಳು ತಾಗಿತು. ಲೋಟದ ಬಿಸಿಯೋ ಅಂತ ಅನುಮಾನ ಬಂತು. ಲೋಟ ಕೆಳಗಿಟ್ಟು ಹಣೆ ಮುಟ್ಟಿದೆ. ಸುಡುತ್ತಿತ್ತು. ಭಟ್ಟಿ ಆರಿ ಎರಡು ದಿನವಾಗಿತ್ತು. ಈ ಮನುಷ್ಯ ಇನ್ನೂ ಆರಿರಲಿಲ್ಲ.

ಜ್ವರ ಅಂತ ಕೂಗಿದೆ. ಅದೇ ಹೊತ್ತಿಗೆ ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ಮನೆಯಲ್ಲಿದ್ದರು. ತಮ್ಮನ ಬೆನ್ನಿಗೆ ಎಣ್ಣೆ ಹಚ್ಚಲೆಂದೇ ಬಂದಿದ್ದರು. ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಮೂವತ್ತು ವರ್ಷದ ಕಾವು ಕಣೇ ಅದು. ಮೈಯೊಳಗೆ ಸೇರಿಕೊಂಡಿದ್ದು ಈಗ ಹೊರಗೆ ಬರ್ತಿದೆ. ಎರಡು ದಿನಕ್ಕೆ ಆರುತ್ತಾ?" ಅಂದರು.

ಕೇಳಿದರೆ ನಗು ಬರಬಹುದು. ಆದರೆ ನಮ್ಮ ಬೇಕರಿ ಜನ ಇದನ್ನು ನಂಬುತ್ತೇವೆ. ಕೆಲಸ ಬಿಟ್ಟ ಮುದುಕರಿಗೆ ಜ್ವರ ಬಂದರೂ ಹಳೆಯ ಕಾವು ಅನ್ನುವವರಿದ್ದಾರೆ. ನಾನೂ ಅರ್ಧ ನಂಬಿದೆ, ಅರ್ಧ ನಂಬಲಿಲ್ಲ. ಅತ್ತಿಗೆ ಆಗಲೇ ಇನ್ನೊಂದು ಏರ್ಪಾಡನ್ನೂ ಮಾಡಿ ಮುಗಿಸಿದ್ದರು. ಅವರ ಸೊಂಟ ಸರಿಮಾಡಿದ ಮಾಲೀಸಿನವನು ಮರುದಿನ ಬೆಳಿಗ್ಗೆ ಎಂಟಕ್ಕೆ ಬರುವವನಿದ್ದ. ಬೋರಲು ಮಲಗಿಸಿ, ಬೆನ್ನ ಮೇಲೆ ಹತ್ತಿ ನಿಂತು, ಹಿಮ್ಮಡಿಯಲ್ಲಿ ಒತ್ತಿದರೆ ಎಂಥ ಹಿಡಿತವೂ ಬಿಟ್ಟುಹೋಗುತ್ತದಂತೆ. ಇವರಿಗೂ ಸಾಕುಸಾಕಾಗಿತ್ತು. ಬರಲಿ, ತುಳಿಯಲಿ, ನೋವು ಹೋದರೆ ಸಾಕು ಅಂದರು.

ಆಗ ಬಾಗಿಲು ತಟ್ಟಿದ್ದು ಸಿಸ್ಟರ್. ನಮ್ಮ ಸಾಲಿನ ಮೇಲುಮನೆಯಲ್ಲಿರುವ ಹೆಣ್ಣುಮಗಳು, ಆರೋಗ್ಯ ಕೇಂದ್ರದಲ್ಲಿ ನರ್ಸು. ಭಟ್ಟಿ ಯಾವತ್ತು ಹಚ್ಚುತ್ತಾರೆ, ಬ್ರೆಡ್ಡು ಯಾವಾಗ ಸಿಗುತ್ತದೆ ಅಂತ ಕೇಳಲು ಬಂದಿದ್ದಳು. ಕೇಳುತ್ತ ಕೇಳುತ್ತಲೇ ಅವಳ ಕಣ್ಣು ಮಂಚದ ಕಡೆ ಹೋಯಿತು. ಇವರು ಅಂಗಾತ ಮಲಗಿದ್ದರು. ಎಡಗಾಲು ಮಾತ್ರ ಮಡಚಿ ಮೇಲೆ ನಿಂತಿತ್ತು.

"ಅಣ್ಣಾ, ಕಾಲು ಯಾಕೆ ಹಂಗಿಟ್ಕೊಂಡಿದ್ದೀರಿ?"

"ಚಾಚಿದ್ರೆ ಬೆನ್ನು ಕಿತ್ತು ಬರುತ್ತಮ್ಮ. ಹಿಂಗಿದ್ರೇ ಹಿತ."

ನಾನು ಎರಡು ವಾರದಿಂದ ಆ ಮಡಚಿದ ಕಾಲಿಗೆ ದಿಂಬು ಕೊಡುತ್ತಿದ್ದೆ. ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ. ಸಿಸ್ಟರ್ ಮೇಲೆ ಹೋಗಿ ಜ್ವರ ನೋಡುವ ಕಡ್ಡಿ ತಂದಳು. ನೂರೆರಡು ತೋರಿಸಿತು. ಈ ನಡುವೆ ಬೇರೆ ಏನಾದರೂ ಕಾಯಿಲೆ ಬಂದಿತ್ತೇ ಅಂತ ಕೇಳಿದಳು. ಇಲ್ಲ ಅಂದೆ, ಖಂಡಿತ ಇಲ್ಲ ಅಂತ ಒತ್ತಿ ಹೇಳಿದೆ. ಹಾಗಾದರೆ ನುಂಗಿದ ಮಾತ್ರೆಗಳನ್ನೆಲ್ಲ ತೋರಿಸಿ ಅಂದಳು. ಬಿಸ್ಕತ್ತಿನ ಡಬ್ಬಿ ತಂದು ಮಂಚದ ಮೇಲೆ ಸುರಿದೆ. ಮೂರು ಪಟ್ಟಿ ಬಿದ್ದವು, ಮೂರೂ ಅರ್ಧ. ಒಂದು ಬೆನ್ನಿನದು, ಒಂದು ಮೂತ್ರದ್ದು. ಮೂರನೆಯದನ್ನು ಕೈಯಲ್ಲಿ ಹಿಡಿದು ಇದ್ಯಾವುದಕ್ಕೆ ಅಂತ ಅವಳು ಕೇಳಿದಾಗ ನನಗೆ ಥಟ್ಟನೆ ಭೇದಿಯ ವಾರ ನೆನಪಾಯಿತು. ನಾಚಿಕೆಯೂ ಆಯಿತು. ಗಂಡನ ಕಾಯಿಲೆಯನ್ನು ನನಗಿಂತ ಒಂದು ತಗಡಿನ ಡಬ್ಬಿ ಚೆನ್ನಾಗಿ ನೆನಪಿಟ್ಟುಕೊಂಡಿತ್ತು.

ಸಿಸ್ಟರ್ ಮುಖ ಗಂಭೀರವಾಯಿತು. ಬೆನ್ನಿಗಾಗಲಿ ಹೊಟ್ಟೆಗಾಗಲಿ ಯಾರೂ ಕೈ ಹಾಕಬಾರದು, ಒತ್ತಬಾರದು, ಉಜ್ಜಬಾರದು ಅಂದಳು. ಇವತ್ತೇ, ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ ಅಂದಳು. ಅತ್ತಿಗೆ ಮೂಗು ಮುರಿದರು.

"ಬೆನ್ನುನೋವಿಗೆ ಯಾರಾದ್ರೂ ದೊಡ್ಡಾಸ್ಪತ್ರೆಗೆ ಹೋಗ್ತಾರೇನಮ್ಮಾ? ಏನಾಗಿದೆ ಅಂತ ಹೇಳು ನೋಡೋಣ."

"ಏನಾಗಿದೆಯೋ ನನಗೂ ಗೊತ್ತಿಲ್ಲಮ್ಮಾ," ಅಂದಳು ಸಿಸ್ಟರ್. "ಗೊತ್ತಿಲ್ಲ ಅಂತಾನೇ ಕಳಿಸ್ತಿರೋದು. ಬರೀ ಬೆನ್ನು ಹಿಡ್ಕೊಂಡಿದ್ರೆ ಜ್ವರ ಬರಲ್ಲ. ಸಕ್ಕರೆ ಕಾಯಿಲೆ ಇದೆ, ವಯಸ್ಸಾಗಿದೆ, ಹಿಂದೆ ಭೇದಿ ಆಗಿದೆ. ಕಾಲು ಚಾಚೋಕಾಗ್ತಿಲ್ಲ. ಇದು ಭಟ್ಟಿ ಕಾವಲ್ಲ. ಅಷ್ಟು ಮಾತ್ರ ಗೊತ್ತು."

ಅತ್ತಿಗೆಗೆ ಈ ಉತ್ತರ ಒಂದು ಚೂರೂ ಹಿಡಿಸಲಿಲ್ಲ. ಗೊತ್ತಿಲ್ಲದವರ ಮಾತು ಕೇಳಿ ಗೊತ್ತಿರುವ ಮಾಲೀಸಿನವನನ್ನು ಬಿಡುವುದೇ ಅಂತ ಗೊಣಗಿದರು. ನನಗೆ ಇಬ್ಬರ ಮಾತೂ ಸರಿಯೆನಿಸುತ್ತಿತ್ತು, ಇಬ್ಬರ ಮಾತೂ ತಪ್ಪೆನಿಸುತ್ತಿತ್ತು. ಕೊನೆಗೆ ನನ್ನನ್ನು ಎಬ್ಬಿಸಿದ್ದು ಆ ಹಣೆಯ ಬಿಸಿ. ಇನ್ನೊಂದು ಸಲ ಮುಟ್ಟಿ ನೋಡಿದೆ. ಮುಟ್ಟಿದ ಕೈಯಲ್ಲೇ ಚಪ್ಪಲಿ ಹುಡುಕಿದೆ. ಮಾಲೀಸಿನವನು ನಾಳೆ ತಾನೇ ಬರುವುದು, ಅಷ್ಟರಲ್ಲಿ ತಿರುಗಿ ಬಂದರಾಯಿತು ಅಂತ ಅತ್ತಿಗೆಯೂ ಗಾಡಿ ಹತ್ತಿದರು. ಸಿಸ್ಟರ್ ಒಂದು ಚೀಟಿಯಲ್ಲಿ ಭೇದಿ ಆದದ್ದು ಯಾವಾಗ, ನೋವು ಶುರುವಾದದ್ದು ಯಾವಾಗ, ಯಾವ ಮಾತ್ರೆ ಎಷ್ಟು ದಿನ ಅಂತ ಬರೆದುಕೊಟ್ಟಳು. ಡಬ್ಬಿಯನ್ನೂ ನನ್ನ ಕಂಕುಳಿಗೆ ತುರುಕಿದಳು.

ಆಸ್ಪತ್ರೆಯಲ್ಲಿ ಗೊಂದಲ ಕಡಿಮೆಯಾಯಿತು ಅಂದುಕೊಂಡಿರಾ? ಹೆಚ್ಚಾಯಿತು. ಮೊದಲು ನೋಡಿದ ಡಾಕ್ಟರು ಬೆನ್ನುಮೂಳೆಗೆ ಸೋಂಕಿರಬಹುದೇ ಅಂದರು. ಅವರ ಮೇಲಿನವರು ಮೂತ್ರಪಿಂಡವೇ ಅಂದರು. ಸೊಂಟದ ಒಳಗಿನ ಸ್ನಾಯುವಿನಲ್ಲಿ ಕೀವು ತುಂಬಿದರೂ ಹೀಗೇ ಕಾಲು ಮಡಚುತ್ತಾರೆ ಅಂದರು. ಒಂದೊಂದು ಹೆಸರು ಬಂದಾಗಲೂ ಅತ್ತಿಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ನಾನು ಚೀಟಿಯನ್ನೂ ಡಬ್ಬಿಯನ್ನೂ ಮುಂದೆ ಚಾಚಿದೆ. ಮೇಲಿನ ಡಾಕ್ಟರು ಚೀಟಿಯನ್ನು ಎರಡು ಸಲ ಓದಿದರು. ಹೊಸ ಔಷಧಿ ಹಾಕುವ ಮೊದಲೇ ರಕ್ತ ತೆಗೆದು ಬಾಟಲಿಗಳಿಗೆ ತುಂಬಿಸಿದರು, ಅದರಲ್ಲಿ ರೋಗಾಣು ಬೆಳೆಯುತ್ತದೆಯೇ ನೋಡಲು. ಆಮೇಲೆ ರಕ್ತನಾಳಕ್ಕೆ ಬಣ್ಣದ ಔಷಧಿ ಬಿಟ್ಟು ಸ್ಕ್ಯಾನು ಮಾಡಿಸಿದರು.

ಸಂಜೆ ಏಳರ ಹೊತ್ತಿಗೆ ರಕ್ತನಾಳದ ಡಾಕ್ಟರಮ್ಮ ನಮ್ಮನ್ನು ಕರೆದರು. ಪರದೆಯ ಮೇಲೆ ಕಪ್ಪು ಬಿಳುಪು ಚಿತ್ರ. ನನಗೆ ಅದರಲ್ಲಿ ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಅವರು ಪೆನ್ನಿನ ತುದಿಯಿಟ್ಟು ತೋರಿಸಿದರು. ಹೊಟ್ಟೆಯ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡು ದೊಡ್ಡ ರಕ್ತನಾಳವೊಂದು ಇಳಿಯುತ್ತದೆ. ಹೃದಯದಿಂದ ಕಾಲಿನವರೆಗೆ ರಕ್ತ ಹೋಗುವುದು ಅದರಲ್ಲೇ. ಅದರ ಗೋಡೆಗೆ ಸೋಂಕು ತಗುಲಿ, ಕೊಳೆತು, ಒಂದು ಕಡೆ ಉಬ್ಬಿ ನಿಂತಿದೆ. ಉಬ್ಬಿದ ಜಾಗ ಪಕ್ಕದ ಸ್ನಾಯುವನ್ನು ಕೆರಳಿಸುತ್ತಿರುವುದರಿಂದ ಕಾಲು ಚಾಚಲಾಗುತ್ತಿಲ್ಲ. ಗೋಡೆ ಎಷ್ಟು ತೆಳ್ಳಗಾಗಿದೆಯೆಂದರೆ ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ಒಡೆದರೆ ಆಸ್ಪತ್ರೆಗೆ ಕರೆತರುವಷ್ಟೂ ಹೊತ್ತು ಸಿಗಲಿಕ್ಕಿಲ್ಲ.

ಅತ್ತಿಗೆ ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದರು. ಮೆಲ್ಲಗೆ ಮುಂದೆ ಬಂದರು.

"ಡಾಕ್ಟ್ರೇ, ಬೆನ್ನ ಮೇಲೆ ಹತ್ತಿ ತುಳಿದಿದ್ರೆ?"

"ತುಳಿಯೋಕೆ ಯಾರು ಬರ್ತಿದ್ರು?"

"ನಾಳೆ. ಎಂಟು ಗಂಟೆಗೆ," ಅಂದರು ಅತ್ತಿಗೆ. ಆಮೇಲೆ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಡಾಕ್ಟರಮ್ಮ ನೀರು ತರಿಸಿ ಕೊಟ್ಟರು.

ಆ ರಾತ್ರಿಯೇ ರಕ್ತನಾಳಕ್ಕೆ ಔಷಧಿ ಶುರು ಮಾಡಿ, ಇವರನ್ನು ಅಲುಗಾಡದಂತೆ ಮಲಗಿಸಿದರು. ಮೂರನೆಯ ದಿನ ಬಾಟಲಿಯ ರಕ್ತದಲ್ಲಿ ರೋಗಾಣು ಬೆಳೆಯಿತು. ಹಸಿ ಮೊಟ್ಟೆ, ಸರಿಯಾಗಿ ಬೇಯದ ಮಾಂಸ, ಕೊಳಕು ನೀರಿನಿಂದ ಹೊಟ್ಟೆಗೆ ಇಳಿದು ಭೇದಿ ತರುವ ಜಾತಿಯದಂತೆ. ಇವರಿಗೆ ಈ ಲೆಕ್ಕ ಬಗೆಹರಿಯಲೇ ಇಲ್ಲ.

"ಕೆಟ್ಟಿದ್ದು ಹೊಟ್ಟೆ, ನೋಯ್ತಿರೋದು ಬೆನ್ನು, ರೋಗ ಇರೋದು ರಕ್ತನಾಳದಲ್ಲಿ. ಇನ್ನೂ ಮೂರು ಜನಕ್ಕೆ ಭೇದಿ ಆಯ್ತಲ್ಲ, ಅವರು ಗಟ್ಟಿಮುಟ್ಟಾಗಿದ್ದಾರೆ. ನನಗೇ ಯಾಕೆ?" ಅಂತ ಕೇಳಿದರು.

ಹೆಚ್ಚಿನವರಿಗೆ ಭೇದಿ ಭೇದಿಯಾಗಿಯೇ ಮುಗಿಯುತ್ತದೆ ಅಂದರು ಡಾಕ್ಟರಮ್ಮ. ಅಪರೂಪಕ್ಕೆ ಒಬ್ಬರಲ್ಲಿ ರೋಗಾಣು ರಕ್ತ ಸೇರುತ್ತದೆ. ವಯಸ್ಸು, ಸಕ್ಕರೆ ಕಾಯಿಲೆ, ಸಿಗರೇಟು ಇವೆಲ್ಲ ಸೇರಿ ರಕ್ತನಾಳದ ಒಳಗೋಡೆ ಒರಟಾಗಿದ್ದರೆ ಅಲ್ಲಿ ಅದು ಮನೆ ಮಾಡಿಕೊಳ್ಳುತ್ತದೆ. ಸಿಗರೇಟು ಅಂದಾಗ ಇವರು ಛಾವಣಿ ನೋಡಿದರು, ನಾನು ಇವರನ್ನು ನೋಡಿದೆ. ಅರ್ಧ ನುಂಗಿದ ಮಾತ್ರೆಗಳು ಒಂದೊಂದು ಸಲವೂ ಜ್ವರವನ್ನು ಅಡಗಿಸಿ ರೋಗವನ್ನು ಮರೆಮಾಡಿದ್ದವು. ಇಷ್ಟಾಗಿಯೂ ಮೊಟ್ಟೆಯಿಂದಲೇ ಬಂತು ಅಂತ ಆಣೆ ಮಾಡಿ ಹೇಳಲಾರೆ ಅಂದರು ಅವರು. ಅಷ್ಟು ಓದಿದವರೂ ಹಾಗೆ ಅಂದದ್ದು ಕೇಳಿ ನನಗೆ ಯಾಕೋ ಧೈರ್ಯವೇ ಬಂತು.

ಚಿಕಿತ್ಸೆಯಲ್ಲೂ ಎರಡು ದಾರಿ ಇದ್ದವು. ಹೊಟ್ಟೆ ಕೊಯ್ದು, ಕೊಳೆತ ಭಾಗವನ್ನೇ ತೆಗೆದು, ರಕ್ತಕ್ಕೆ ಹೊಸ ದಾರಿ ಮಾಡಿಕೊಡುವುದು ಒಂದು. ಸೋಂಕಿನ ಜಾಗವೇ ಹೋಗುತ್ತದೆ, ಆದರೆ ದೊಡ್ಡ ಆಪರೇಷನ್, ಇವರ ಹೃದಯ ತಡೆಯುವುದು ಅನುಮಾನ. ತೊಡೆಯ ಸಂದಿಯಿಂದ ಬಟ್ಟೆ ಹೊದಿಸಿದ ಕೊಳವೆಯನ್ನು ರಕ್ತನಾಳದೊಳಗೆ ತೂರಿಸಿ, ಉಬ್ಬಿದ ಜಾಗಕ್ಕೆ ಒಳಗಿನಿಂದ ಆಸರೆ ಕೊಡುವುದು ಇನ್ನೊಂದು. ಮೈಗೆ ಹಗುರ, ಆದರೆ ಸೋಂಕಿನ ಗೋಡೆ ಅಲ್ಲೇ ಉಳಿಯುತ್ತದೆ. ಔಷಧಿ ತುಂಬ ದಿನ ಬೇಕು, ಜೀವಮಾನವಿಡೀ ಬೇಕಾದರೂ ಬೇಕು. ಯಾವುದು ಸರಿ ಅಂತ ಅಲ್ಲಿಯ ನಾಲ್ಕು ಡಾಕ್ಟರುಗಳೇ ಅರ್ಧ ಗಂಟೆ ಚರ್ಚೆ ಮಾಡಿದರು. ಹಾಗಿರುವಾಗ ನಾನೇನು ಹೇಳಲಿ? ಭಯವಾಗಿತ್ತು, ಮುಚ್ಚಿಡುವುದೇನಿದೆ.

"ಎರಡರಲ್ಲೂ ಅಪಾಯ ಇದೆ ಅಮ್ಮಾ," ಅಂದರು ಡಾಕ್ಟರಮ್ಮ. "ಏನೂ ಮಾಡದೆ ಬಿಟ್ರೆ ಅದಕ್ಕಿಂತ ಹೆಚ್ಚು ಅಪಾಯ."

ಕೊಳವೆಯ ದಾರಿ ಅಂತ ತೀರ್ಮಾನವಾಯಿತು. ಒಪ್ಪಿಗೆಯ ಕಾಗದ ಮುಂದೆ ಬಂತು. ಅತ್ತಿಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಸಹಿ ಹಾಕಿದೆ.

ಕೊಳವೆ ಕೂತಿತು. ಆರು ವಾರ ರಕ್ತನಾಳದ ಮೂಲಕ ಔಷಧಿ ಹೋಯಿತು. ಎರಡನೆಯ ವಾರ ಜ್ವರ ಬಿಟ್ಟಿತು, ನಾಲ್ಕನೆಯ ವಾರ ಎಡಗಾಲು ಹಾಸಿಗೆಯ ಮೇಲೆ ನೇರವಾಗಿ ಚಾಚಿಕೊಂಡಿತು. ಆವತ್ತು ಅತ್ತಿಗೆ ಆ ಕಾಲನ್ನು ಮುಟ್ಟಿ ಅತ್ತರು. ಮನೆಗೆ ಬಂದ ಮೇಲೆ ದಿನಾ ಮಾತ್ರೆ, ಆಗಾಗ ಸ್ಕ್ಯಾನು. ಈಗಲೂ ನಡೆದಿದೆ. ಖಾಲಿ ಪಟ್ಟಿಗಳನ್ನು ಅದೇ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇವೆ. ಅತ್ತಿಗೆ ಬಂದಾಗಲೆಲ್ಲ ಡಬ್ಬಿ ತೆಗೆದು, ಒಂದೊಂದು ಗುಳಿಯಲ್ಲೂ ಉಗುರು ಹಾಕಿ ನೋಡುತ್ತಾರೆ. ಒಂದು ಮಾತ್ರೆ ಉಳಿದಿದ್ದರೂ ತಮ್ಮನಿಗೆ ಮಂಗಳಾರತಿ.

ಇವರು ಬೇಕರಿಗೆ ಮರಳಿದ ಮೊದಲ ದಿನ ನಾನೂ ಹೋಗಿದ್ದೆ. ಮೂಟೆ ಎತ್ತುವಂತಿಲ್ಲ, ಸ್ಟೂಲಿನ ಮೇಲೆ ಕೂತು ಹೇಳುವುದಷ್ಟೇ ಕೆಲಸ. ಯಂತ್ರ ನಿಂತಿತು. ಎಲ್ಲರೂ ಇವರ ಬಾಯಿ ನೋಡಿದರು. ಮೂವತ್ತು ವರ್ಷದ ಅಭ್ಯಾಸ, ತೋರುಬೆರಳು ತಾನಾಗಿ ಪಾತ್ರೆಯ ಅಂಚಿಗೆ ಹೋಯಿತು. ಇವರು ಬೆರಳನ್ನು ಹಿಂದಕ್ಕೆಳೆದು, ಸೌಟು ತೆಗೆದುಕೊಂಡು ಹಿಟ್ಟನ್ನು ಎತ್ತಿ ಸುರಿದು ನೋಡಿದರು.

"ಇನ್ನೆರಡು ಸುತ್ತು ಬೇಕೇನೋ. ಗೊತ್ತಿಲ್ಲ. ಒಂದು ಚಿಕ್ಕದು ಬೇಯಿಸಿ, ತಿಂದು ಹೇಳ್ತೀನಿ."

ಹದದಣ್ಣನ ಬಾಯಲ್ಲಿ "ಗೊತ್ತಿಲ್ಲ" ಅನ್ನುವ ಮಾತು ಆ ಬೇಕರಿ ಕೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ. ಈಗ ದಿನಾ ಮೊದಲು ಒಂದು ಚಿಕ್ಕ ಕೇಕು ಬೇಯುತ್ತದೆ, ಅದರ ರುಚಿ ನೋಡಿ ಮಿಕ್ಕದ್ದು ಭಟ್ಟಿಗೆ ಹೋಗುತ್ತದೆ. ಜ್ವರ ನೋಡುವ ಕಡ್ಡಿಯೊಂದನ್ನು ಮಾಲೀಕರು ಗೋಡೆಯ ಕಪಾಟಿನಲ್ಲಿ ಇಟ್ಟಿದ್ದಾರೆ.

ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ಬೆನ್ನು ನೋಯುವವರೆಲ್ಲ ಹೆದರಿ ಆಸ್ಪತ್ರೆಗೆ ಓಡಿ ಅಂತ ನಾನು ಹೇಳುತ್ತಿಲ್ಲ. ಇವರಿಗೆ ಬಂದದ್ದು ಅಪರೂಪದ ಕಾಯಿಲೆ. ಆದರೆ ಬೆನ್ನು ಅಥವಾ ಹೊಟ್ಟೆ ನೋವಿನ ಜೊತೆ ಜ್ವರ ಹೋಗಿ ಬಂದು ಮಾಡುತ್ತಿದ್ದರೆ ತಡ ಮಾಡಬೇಡಿ. ಅದರಲ್ಲೂ ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಸಿಗರೇಟು ಸೇದುವವರಿಗೆ ಹಾಗಾದರೆ ತುಳಿಸಲು, ಒತ್ತಿಸಲು ಹೋಗಬೇಡಿ. ಇಂಥ ಉಬ್ಬು ಬೇರೆ ರಕ್ತನಾಳಗಳಲ್ಲೂ ಬರಬಹುದಂತೆ. ಮೈಯಲ್ಲಿ ಎಲ್ಲಾದರೂ ನಾಡಿಯ ಹಾಗೆ ಮಿಡಿಯುವ ಗಂಟು ಕಂಡರೂ ಅಷ್ಟೇ, ಕುರು ಅಂದುಕೊಂಡು ಕೊಯ್ಯಿಸಬೇಡಿ. ಡಾಕ್ಟರ ಹತ್ತಿರ ಹಳೆಯದನ್ನೆಲ್ಲ ಹೇಳಿ, ಮರೆತುಹೋದ ಭೇದಿಯನ್ನೂ ಹೇಳಿ. ಬರೆದುಕೊಟ್ಟ ಮಾತ್ರೆಯನ್ನು ಕೊನೆಯದರವರೆಗೂ ನುಂಗಿ. ಮೊಟ್ಟೆಯನ್ನು ಬೇಯಿಸಿ ತಿನ್ನಿ.

ನಮ್ಮ ಮನೆಯಲ್ಲಿ ಜ್ವರಕ್ಕೆ ಭಟ್ಟಿಯ ನೆಪ ಸಿಕ್ಕಿತ್ತು. ನಿಮ್ಮ ಮನೆಯಲ್ಲಿ ಏನಿದೆಯೋ, ಬಿಸಿಲೋ, ದಣಿವೋ, ವಯಸ್ಸೋ. ಇವತ್ತು ಸಂಜೆ ನಿಮ್ಮವರು ಕೆಲಸ ಮುಗಿಸಿ ಬಂದಾಗ ಹಣೆ ಮುಟ್ಟಿ ನೋಡಿ. ಕೈಕಾಲು ತೊಳೆಯಲಿ, ಚಹಾ ಕುಡಿಯಲಿ, ಒಂದು ಗಂಟೆ ಕೂರಲಿ. ಆಮೇಲೆ ಇನ್ನೊಂದು ಸಲ ಮುಟ್ಟಿ.